ಡೆಂಗಿ ಬಂದು ಹೋದ್ಮೇಲೆ ಕೂದಲು ಉದುರ್ತಿದೆ, ‘ಗ್ರೋತ್ ಫ್ಯಾಕ್ಟರ್’ ಇಂಜೆಕ್ಷನ್ ತಗೋಬೇಕಾ?

ಹಾಸನದ ಹೆರಳು | 9 ಅಕ್ಟೋಬರ್, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಈಗ ಬೆಂಗಳೂರಿನಲ್ಲಿದ್ದೀನಿ, ವಯಸ್ಸು 33. ಜುಲೈ ಎರಡನೇ ವಾರ ಡೆಂಗಿ ಬಂದಿತ್ತು. ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದು ಐದು ದಿನ ಆಸ್ಪತ್ರೆಯಲ್ಲಿದ್ದೆ. ಆಗ ಕೂದಲಿಗೆ ಏನೂ ಆಗಲಿಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಯ್ತು ನೋಡಿ. ತಲೆಗೆ ನೀರು ಹಾಕಿಕೊಂಡ ದಿನ ಬಚ್ಚಲ ಜಾಲರಿ ಕಟ್ಟಿಕೊಂಡು ನೀರು ನಿಂತುಬಿಡುತ್ತೆ. ಮೊನ್ನೆ ಭಾನುವಾರ ಬಾಚಣಿಗೆಗೆ ಬಂದಿದ್ದನ್ನೆಲ್ಲ ಸುತ್ತಿ ಉಂಡೆ ಮಾಡಿದೆ, ನಿಂಬೆಹಣ್ಣಿನ ಗಾತ್ರ ಇತ್ತು. ಜಡೆಗೆ ರಬ್ಬರ್ ಬ್ಯಾಂಡ್ ಮೊದಲು ಎರಡು ಸುತ್ತು ಬರ್ತಿತ್ತು, ಈಗ ನಾಲ್ಕು ಸುತ್ತು ಬರುತ್ತೆ.

ಭಯ ಆಗಿ ಒಂದು ಕ್ಲಿನಿಕ್‌ಗೆ ಹೋದೆ. ಡಾಕ್ಟರನ್ನ ನೋಡೋ ಮೊದಲೇ ಕೌನ್ಸೆಲರ್ ಒಬ್ಬರು ಕೂರಿಸಿಕೊಂಡು, ‘ಡೆಂಗಿಯಲ್ಲಿ ಪ್ಲೇಟ್‌ಲೆಟ್ ಹೋಯ್ತು ಅಂದ್ರೆ ಅದರೊಳಗಿನ ಗ್ರೋತ್ ಫ್ಯಾಕ್ಟರ್ ಎಲ್ಲ ಹೋಯ್ತು ಅಂತ. ಅದನ್ನ ವಾಪಸ್ ತುಂಬಬೇಕು’ ಅಂದ್ರು. ಆರು ಸಿಟ್ಟಿಂಗ್‌ಗೆ 42,000, ಈ ವಾರವೇ ಕಟ್ಟಿದರೆ 35,000. ಆಮೇಲೆ ಬಂದ ಡಾಕ್ಟರ್ ತಲೆ ಮುಟ್ಟಿ ನೋಡಲೂ ಇಲ್ಲ. ಬರುವಾಗ ‘ಇಜಿಎಫ್’ ಅಂತ ದೊಡ್ಡದಾಗಿ ಬರೆದಿರೋ ಸೀರಮ್ ಒಂದನ್ನ 1,800 ಕೊಟ್ಟು ತಂದಿದ್ದೀನಿ, ಇನ್ನೂ ತೆರೆದಿಲ್ಲ.

ನಿಜವಾಗ್ಲೂ ಪ್ಲೇಟ್‌ಲೆಟ್ ಇಳಿದಿದ್ದಕ್ಕೇ ಹೀಗಾಗಿರೋದಾ? ಇನ್ನೊಂದು ವಿಷಯ: ಉದುರಿದ ಪ್ರತಿ ಕೂದಲ ತುದಿಯಲ್ಲೂ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು ಇದೆ. ಬೇರು ಸಮೇತ ಕಿತ್ತು ಬಂದಿದೆ ಅಂದ್ರೆ ಅಲ್ಲಿ ಮತ್ತೆ ಬರೋದೇ ಇಲ್ವಾ? ರಾತ್ರಿ ನಿದ್ದೆ ಬರ್ತಿಲ್ಲ.

ಸಾಗರದ ಅಮ್ಮ | 9 ಅಕ್ಟೋಬರ್, ರಾತ್ರಿ 10:50

ಮಗಳೇ, ಹೆದರಬೇಡ. ಜ್ವರ ಬಂದು ಹೋದ ಮೇಲೆ ಕೂದಲು ಉದುರೋದು ನಾನು ಮೂರು ತಲೆಮಾರಿನಲ್ಲಿ ನೋಡಿದ್ದೇನೆ. ನನಗೂ ಟೈಫಾಯ್ಡ್ ಆದ ವರ್ಷ ಅರ್ಧ ತಲೆ ಹೋಗಿತ್ತು, ಮತ್ತೆ ಬಂತು. ಗರುಗದ ಸೊಪ್ಪಿನ ರಸ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚು, ಮತ್ತಿಸೊಪ್ಪಿನ ಲೋಳೆಯಲ್ಲಿ ತಲೆ ತೊಳಿ. ಶಾಂಪೂ ಸ್ವಲ್ಪ ದಿನ ದೂರ ಇಡು. ಸಾಧ್ಯವಾದರೆ ಧರ್ಮಸ್ಥಳಕ್ಕೆ ಹೋಗಿ ಮುಡಿ ಕೊಟ್ಟು ಬಾ, ದಟ್ಟವಾಗಿ ಹುಟ್ಟುತ್ತೆ. ಮೂವತ್ತೈದು ಸಾವಿರಕ್ಕೆ ಒಂದು ಜೊತೆ ಓಲೆ ಬರುತ್ತೆ.

ಪೆಟ್ರಿ ತಟ್ಟೆ | 9 ಅಕ್ಟೋಬರ್, ರಾತ್ರಿ 11:58

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಜೀವಕೋಶಗಳನ್ನ ಬೆಳೆಸೋ ಲ್ಯಾಬ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ, ಅದರಲ್ಲಿ ನಾಲ್ಕು ವರ್ಷ ಕೂದಲ ಬುಡದ ಮೇಲೆಯೇ ಕೆಲಸ. ಗ್ರೋತ್ ಫ್ಯಾಕ್ಟರ್ ನನ್ನ ದಿನನಿತ್ಯದ ಸಾಮಾನು. ಅದರ ಹೆಸರಲ್ಲಿ ಹೆದರಿಸಿ ದುಡ್ಡು ಕೇಳಿದ್ದಾರೆ ಅಂತ ಓದಿ ಸುಮ್ನಿರೋಕೆ ಆಗಲಿಲ್ಲ, ಸ್ವಲ್ಪ ಉದ್ದ ಬರೀತೀನಿ.

ಮೊದಲು ಆ ಬಿಳಿ ಗಂಟು. ಅದು ಬೇರಲ್ಲ ಅಕ್ಕ. ಬೆಳೆಯೋದು ನಿಲ್ಲಿಸಿದ ಕೂದಲಿನ ತುದಿ ಒಣಗಿ ಗಟ್ಟಿಯಾದಾಗ ಹಾಗೆ ಗುಂಡಗೆ ಬೆಳ್ಳಗೆ ಕಾಣುತ್ತೆ. ನಿಜವಾದ ಬೀಜ ಅನ್ನಬಹುದಾದದ್ದು ಡರ್ಮಲ್ ಪ್ಯಾಪಿಲ್ಲಾ, ಅದು ಚರ್ಮದೊಳಗೇ ಉಳಿದಿದೆ. ಕೂದಲು ಕಸಿಗೆ ಬಂದವರು ಒಪ್ಪಿ ಕೊಟ್ಟ ಚೂರುಗಳಿಂದ ಅದನ್ನ ಬಿಡಿಸಿ ತೆಗೆಯೋದೇ ನನ್ನ ಕೆಲಸ. ಸೂಕ್ಷ್ಮದರ್ಶಕದ ಕೆಳಗೆ, ಎರಡು ಸಣ್ಣ ಚಿಮಟ ಹಿಡಿದು, ಬೆಳೆಯುತ್ತಿರೋ ಕೂದಲ ಬುಡವನ್ನ ಕಾಲುಚೀಲ ತಿರುವಿದ ಹಾಗೆ ತಿರುವಬೇಕು. ಒಳಗೆ ದೀಪದ ಕುಡಿ ಆಕಾರದ ಒಂದು ಹನಿ ಕಾಣುತ್ತೆ. ಅಷ್ಟೇ ಅದು. ತಟ್ಟೆಯಲ್ಲಿ ಇಟ್ಟರೆ ಕೆಲವು ದಿನಕ್ಕೆ ಅಂಚಿನಿಂದ ಕೋಶಗಳು ತೆವಳಿಕೊಂಡು ಹೊರಗೆ ಬರ್ತವೆ. ಇಷ್ಟು ವರ್ಷ ಆದರೂ ನನಗೆ ಅದನ್ನ ನೋಡೋದು ಬೇಜಾರಾಗಿಲ್ಲ.

ಈಗ ಗ್ರೋತ್ ಫ್ಯಾಕ್ಟರ್. ಹೆಸರು ಕೇಳಿದ ಕೂಡಲೇ ಎಲ್ಲರೂ ಗೊಬ್ಬರ ಅಂದ್ಕೋತಾರೆ, ಜಾಸ್ತಿ ಹಾಕಿದಷ್ಟೂ ಜಾಸ್ತಿ ಬೆಳೆ ಅಂತ. ನನಗೆ ಹೊಂದುವ ಹೋಲಿಕೆ ನಮ್ಮ ಕೆರೆ ಊರುಗಳ ನೀರುಗಂಟಿಯ ಕೂಗು. ‘ತೂಬು ಎತ್ತು’ ಅಂತ ಕೂಗಿದಾಗ ಗದ್ದೆಗೆ ನೀರು ಹರಿಯುತ್ತೆ, ‘ಸಾಕು, ಕಟ್ಟು’ ಅಂದರೆ ನಿಲ್ಲುತ್ತೆ. ಎರಡೂ ಕೂಗೇ. ಪ್ಯಾಪಿಲ್ಲಾ ಆ ನೀರುಗಂಟಿ. ಅದು ಸುತ್ತಲಿನ ಕೋಶಗಳಿಗೆ ಪ್ರೋಟೀನ್ ರೂಪದಲ್ಲಿ ಕೂಗು ಹಾಕ್ತಾ ಇರುತ್ತೆ. ಐಜಿಎಫ್-1, ಎಫ್‌ಜಿಎಫ್-7, ಎಚ್‌ಜಿಎಫ್, ವಿಇಜಿಎಫ್ ಇವು ‘ಬೆಳೀರಿ’ ಅನ್ನೋ ಗುಂಪು. ಟಿಜಿಎಫ್-ಬೀಟಾ, ಬಿಎಂಪಿ, ಎಫ್‌ಜಿಎಫ್-5 ಇವು ‘ಸಾಕು’ ಅನ್ನೋ ಗುಂಪು. ಹೆಸರಲ್ಲಿ ‘ಗ್ರೋತ್’ ಇದೆ ಅಂದ ಮಾತ್ರಕ್ಕೆ ಎಲ್ಲವೂ ಕೂದಲು ಬೆಳೆಸೋದಿಲ್ಲ.

ಎಫ್‌ಜಿಎಫ್-5 ಕಥೆ ಕೇಳಿ. 1994ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಆ ಜೀನ್ ಒಂದನ್ನೇ ಕೆಡಿಸಿದರು. ಇಲಿ ಕೂದಲು ಒಂದೂವರೆ ಪಟ್ಟು ಉದ್ದ ಬೆಳೀತು, ಅಂಗೋರಾ ಇಲಿ ಅಂತ ಮೊದಲಿಂದ ಗೊತ್ತಿದ್ದ ಉದ್ದಗೂದಲ ತಳಿಯ ಗುಟ್ಟೂ ಅದೇ ಅಂತ ತಿಳೀತು. ಉದ್ದ ಕೂದಲಿನ ನಾಯಿ, ಬೆಕ್ಕುಗಳಲ್ಲೂ ಇದೇ ಜೀನಿನ ದೋಷ ಸಿಕ್ಕಿದೆ. 2014ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ರೆಪ್ಪೆಗೂದಲು ವಿಪರೀತ ಉದ್ದ ಇರೋ ಕುಟುಂಬಗಳಲ್ಲಿ, ಅಂದರೆ ಮನುಷ್ಯರಲ್ಲೂ, ಅದನ್ನ ತೋರಿಸಿದರು. ‘ಸಾಕು’ ಅನ್ನೋ ಕೂಗು ಇಲ್ಲದಿದ್ದರೆ ಕೂದಲಿಗೆ ನಿಲ್ಲೋದೇ ತಿಳಿಯಲ್ಲ.

ನಿಮ್ಮ ವಿಷಯಕ್ಕೆ ಬರ್ತೀನಿ. ತಲೆಯಲ್ಲಿ ಹೆಚ್ಚುಕಮ್ಮಿ ಒಂದು ಲಕ್ಷ ಕೂದಲು. ಅದರಲ್ಲಿ ನೂರಕ್ಕೆ 85-90 ಯಾವಾಗಲೂ ಬೆಳೀತಾ ಇರುತ್ತೆ, ಒಂದೊಂದೂ ಎರಡರಿಂದ ಆರು ವರ್ಷ. ಆಮೇಲೆ ಎರಡು ಮೂರು ವಾರದಲ್ಲಿ ಬುಡ ಕುಗ್ಗಿ ಮೇಲೇರುತ್ತೆ, ಸುಮಾರು ಮೂರು ತಿಂಗಳು ಸುಮ್ಮನೆ ಕೂತಿದ್ದು ಉದುರುತ್ತೆ. ಸಾಮಾನ್ಯವಾಗಿ ಒಂದೊಂದು ಬುಡದ್ದೂ ಬೇರೆ ಬೇರೆ ಕಾಲ, ಅದಕ್ಕೇ ದಿನಕ್ಕೆ 50ರಿಂದ 100 ಮಾತ್ರ ಬೀಳುತ್ತೆ. ಜೋರು ಜ್ವರ ಬಂದಾಗ ಮೈ ತನ್ನ ಶಕ್ತಿಯನ್ನ ಬೇರೆ ಕಡೆ ತಿರುಗಿಸುತ್ತೆ. ಬಹಳಷ್ಟು ಬುಡಗಳಿಗೆ ಒಟ್ಟಿಗೇ ‘ಸಾಕು’ ಅನ್ನೋ ಕೂಗು ಹೋಗುತ್ತೆ. ಅವೆಲ್ಲ ಒಟ್ಟಿಗೇ ಕೂತು, ಎರಡು ಮೂರು ತಿಂಗಳಿಗೆ ಒಟ್ಟಿಗೇ ಉದುರ್ತವೆ. ಜುಲೈನ ಜ್ವರಕ್ಕೆ ಸೆಪ್ಟೆಂಬರ್ ಮಧ್ಯ. ನಿಮ್ಮ ತಾರೀಖು ಸರಿಯಾಗಿ ಹೊಂದುತ್ತೆ.

ಪ್ಲೇಟ್‌ಲೆಟ್ ಹೋಗಿದ್ದಕ್ಕೆ ಅನ್ನೋ ಮಾತು ಸುಳ್ಳು. ಡಿಸ್‌ಚಾರ್ಜ್ ಆಗುವಷ್ಟರಲ್ಲೇ ನಿಮ್ಮ ಕೌಂಟ್ ಏರೋಕೆ ಶುರುವಾಗಿರಬೇಕು, ಆ ಕಾಗದ ತೆಗೆದು ನೋಡಿ. ಕೂದಲ ಬುಡಕ್ಕೆ ಬೇಕಾದ ಮಾತುಗಳನ್ನ ಆಡೋದು ಮುಖ್ಯವಾಗಿ ಅಲ್ಲೇ ಇರೋ ಪ್ಯಾಪಿಲ್ಲಾ. ಟೈಫಾಯ್ಡ್‌ನಲ್ಲಿ, ದೊಡ್ಡ ಆಪರೇಷನ್ ಆದಾಗ, ಹೆರಿಗೆ ಆದಾಗ ಕೂಡ ಹೀಗೇ ಉದುರುತ್ತೆ.

ಅಮ್ಮಾ, ಕೊಬ್ಬರಿ ಎಣ್ಣೆ ಬಗ್ಗೆ ನಿಮ್ಮ ಮಾತು ಒಪ್ತೀನಿ, ಅದು ಕೂದಲೊಳಗೆ ಇಳಿದು ಪ್ರೋಟೀನ್ ಸೋರೋದನ್ನ ತಡೆಯುತ್ತೆ, ತುಂಡಾಗೋದು ಕಮ್ಮಿ ಆಗುತ್ತೆ. ಮುಡಿ ಹರಕೆ ದೇವರಿಗೆ ಸಂಬಂಧಪಟ್ಟದ್ದು, ಅದರಲ್ಲಿ ನಾನು ಬಾಯಿ ಹಾಕಲ್ಲ. ಆದರೆ ದಟ್ಟವಾಗೋದು ಮಾತ್ರ ಇಲ್ಲ. ಪ್ಯಾಪಿಲ್ಲಾ ಇರೋದು ನೆತ್ತಿಯ ಚರ್ಮದಿಂದ ನಾಲ್ಕು ಮಿಲಿಮೀಟರ್ ಆಸುಪಾಸು ಕೆಳಗೆ, ಕ್ಷೌರದ ಕತ್ತಿಯ ಸುದ್ದಿ ಅದಕ್ಕೆ ಮುಟ್ಟೋದೇ ಇಲ್ಲ. ಮೊಂಡು ತುದಿ ಕೈಗೆ ಒರಟಾಗಿ ಸಿಗೋದರಿಂದ ದಪ್ಪ ಅನ್ಸುತ್ತೆ.

ಹಾಸನದ ಹೆರಳು | 10 ಅಕ್ಟೋಬರ್, ಬೆಳಿಗ್ಗೆ 7:05

ಕಾಗದ ತೆಗೆದು ನೋಡಿದೆ. ಡಿಸ್‌ಚಾರ್ಜ್ ದಿನ 92 ಸಾವಿರ, ಮುಂದಿನ ವಾರದ ಟೆಸ್ಟ್‌ನಲ್ಲಿ 2 ಲಕ್ಷ 40 ಸಾವಿರ. ಹಾಗಾದ್ರೆ ಜುಲೈ ಕೊನೆಗೇ ಎಲ್ಲ ಸರಿ ಇತ್ತು. ಕೌನ್ಸೆಲರ್ ಇದನ್ನ ಕೇಳಲೂ ಇಲ್ಲ. ಎಷ್ಟೋ ಸಮಾಧಾನ ಆಯ್ತು ಅಣ್ಣ. ಆ ಸೀರಮ್ ಏನು ಮಾಡ್ಲಿ?

ಪೆಟ್ರಿ ತಟ್ಟೆ | 10 ಅಕ್ಟೋಬರ್, ಮಧ್ಯಾಹ್ನ 1:20

ಹಾಗೇ ಮುಚ್ಚಿ ಇಡಿ, ವಾಪಸ್ ತಗೊಂಡರೆ ಕೊಡಿ. ಇಜಿಎಫ್ ಕೂದಲಿನ ಬಾಟಲಿ ಮೇಲೆ ಕಂಡಾಗಲೆಲ್ಲ ನನಗೆ ಸಂಕಟ ಆಗುತ್ತೆ, ಯಾಕೆ ಅಂತ ಹೇಳ್ತೀನಿ.

ಇಜಿಎಫ್ ಅಂದರೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಕಂಡುಹಿಡಿದವರು ಅಮೆರಿಕದ ಸ್ಟ್ಯಾನ್ಲಿ ಕೋಹೆನ್. ಗಂಡಿಲಿಯ ಜೊಲ್ಲುಗ್ರಂಥಿಯ ಸಾರವನ್ನ ಹಸುಳೆ ಇಲಿಗಳಿಗೆ ಚುಚ್ಚಿದಾಗ ಅವುಗಳ ಕಣ್ಣು ಸಾಮಾನ್ಯಕ್ಕಿಂತ ಬೇಗ ತೆರೀತು, ಹಲ್ಲೂ ಬೇಗ ಬಂತು. ಆ ಜಾಡು ಹಿಡಿದು ಹೋಗಿ ಈ ಪ್ರೋಟೀನ್ ಸಿಕ್ಕಿತು, 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ ಅವರಿಗೆ ನೊಬೆಲ್ ಬಂತು. ಗಾಯದ ಚರ್ಮ ಕೂಡಿಕೊಳ್ಳೋಕೆ ಅದು ಬಹಳ ಒಳ್ಳೇದು. ಆದರೆ ಅದೇ ಮರಿ ಇಲಿಗಳಲ್ಲಿ ಕೂದಲು ಹುಟ್ಟೋದು ತಡ ಆಯ್ತು.

ಇದನ್ನ ಗಮನಿಸಿದ ಆಸ್ಟ್ರೇಲಿಯಾದವರು ಏನು ಮಾಡಿದರು ಗೊತ್ತಾ? ಮೆರಿನೋ ಕುರಿಗೆ ಇಜಿಎಫ್ ಇಂಜೆಕ್ಷನ್ ಒಂದು ಕೊಟ್ಟರು. ಉಣ್ಣೆಯ ಬುಡ ಕೆಲ ದಿನ ಕೆಲಸ ನಿಲ್ಲಿಸುತ್ತೆ, ಎಳೆ ಅಲ್ಲೇ ತೆಳುವಾಗಿ ತುಂಡಾಗುತ್ತೆ. ಕುರಿ ಮೈಗೆ ಬಲೆ ತೊಡಿಸಿ ಮೂರು ನಾಲ್ಕು ವಾರ ಬಿಟ್ಟರೆ ಇಡೀ ಉಣ್ಣೆ ಅಂಗಿ ಕಳಚಿದ ಹಾಗೆ ಬಿಡಿಸಿಕೊಂಡು ಬರುತ್ತೆ, ಕತ್ತರಿ ಬೇಡ. ಬಯೋಕ್ಲಿಪ್ ಅಂತ ಹೆಸರಿಟ್ಟು ಅದನ್ನ ಮಾರುಕಟ್ಟೆಗೂ ತಂದರು. ಕುರಿಯ ಕೂದಲು ಉದುರಿಸೋಕೆ ಬಳಸಿದ ಪ್ರೋಟೀನಿನ ಹೆಸರನ್ನ ಇಲ್ಲಿ ಕೂದಲು ಬೆಳೆಸೋ ಬಾಟಲಿ ಮೇಲೆ ಬರೀತಾರೆ.

ಮನುಷ್ಯರ ಕೂದಲ ಬುಡದ ಮೇಲೂ ನಾನು ಇದನ್ನ ನೋಡಿದ್ದೀನಿ. ಬಿಡಿಸಿದ ಬುಡಗಳನ್ನ ಸರಿಯಾದ ದ್ರವದಲ್ಲಿ ಇಟ್ಟರೆ ತಟ್ಟೆಯಲ್ಲೇ ಒಂದು ವಾರಕ್ಕಿಂತ ಹೆಚ್ಚು ದಿನ ಬೆಳೀತವೆ, ದಿನಕ್ಕೆ ಸುಮಾರು 0.3 ಮಿಲಿಮೀಟರ್, ತಲೆಯಲ್ಲಿ ಬೆಳೆದಷ್ಟೇ ವೇಗ. 1990ರಲ್ಲಿ ಇಂಗ್ಲೆಂಡಿನಲ್ಲಿ ಈ ವಿಧಾನ ಬಂತು. ಅದಕ್ಕೆ ಇಜಿಎಫ್ ಹಾಕಿದರೆ ಬುಡದ ಹೊರಪದರ ಉದ್ದಕ್ಕೆ ಎಳೆದುಕೊಂಡು, ಕೂದಲು ಪ್ಯಾಪಿಲ್ಲಾದಿಂದ ಕಳಚಿಕೊಂಡು ಮೇಲೇರಿ, ಕೊನೆಗೆ ನೀವು ಬಾಚಣಿಗೆಯಲ್ಲಿ ನೋಡಿದ ಅದೇ ಬಿಳಿ ಗಂಟಿನಂಥದ್ದು ಆಗುತ್ತೆ. ಪಕ್ಕದ ತಟ್ಟೆಯಲ್ಲಿ ಐಜಿಎಫ್-1 ಇರೋ ಬುಡ ಬೆಳೀತಾನೇ ಇರುತ್ತೆ. ಕ್ಯಾನ್ಸರ್‌ಗೆ ಇಜಿಎಫ್‌ನ ಬಾಗಿಲು ಮುಚ್ಚೋ ಮಾತ್ರೆ ಎರ್ಲೋಟಿನಿಬ್, ಜೆಫಿಟಿನಿಬ್ ತಗೊಳ್ಳೋ ಕೆಲವರಿಗೆ ರೆಪ್ಪೆಗೂದಲು ಉದ್ದುದ್ದ ಬೆಳೆದು ಕಣ್ಣಿಗೆ ಚುಚ್ಚುತ್ತೆ, ಕತ್ತರಿಸಬೇಕಾಗುತ್ತೆ.

ನೀವು ಗಾಬರಿ ಆಗಬೇಡಿ, ಇಷ್ಟು ದೊಡ್ಡ ಪ್ರೋಟೀನ್ ಗಾಯವಿಲ್ಲದ ನೆತ್ತಿಯ ಚರ್ಮ ದಾಟಿ ಬುಡದವರೆಗೆ ಇಳಿಯೋದು ಬಹಳ ಕಷ್ಟ. ಅಂದರೆ ಹಚ್ಚಿದ್ದರೂ ದೊಡ್ಡ ಹಾನಿ ಆಗ್ತಿರಲಿಲ್ಲ, ಲಾಭವೂ ಇಲ್ಲ.

ಕುರಿಹಟ್ಟಿ | 10 ಅಕ್ಟೋಬರ್, ರಾತ್ರಿ 8:33

ನಮ್ದು ಚಳ್ಳಕೆರೆ ಕಡೆ. ತಾತನ ಕಾಲದಿಂದ ಕುರಿ, ಕಂಬಳಿ. ಈ ಮಾತು ಓದಿ ಅಪ್ಪಾಜಿಗೆ ಓದಿ ಹೇಳಿದೆ. ನಮ್ಮ ಕುರಿಗೂ ಗಟ್ಟಿ ಜ್ವರ ಬಂದು ಬದುಕಿದ್ರೆ ಕೆಲವು ವಾರಕ್ಕೆ ಉಣ್ಣೆ ತಾನೇ ಬುಡದಿಂದ ಬಿಟ್ಕೊಂಡು ಬರ್ತೈತೆ, ಬೇಲಿ ಮುಳ್ಳಿಗೆಲ್ಲ ಸಿಕ್ಕಾಕ್ಕೊಂಡಿರ್ತೈತೆ. ಬರಗಾಲದ ವರ್ಷದ ಉಣ್ಣೆ ಎಳೆದ್ರೆ ಒಂದೇ ಜಾಗದಲ್ಲಿ ಪಟ್ ಅಂತ ಕಿತ್ತೋಗ್ತೈತೆ, ನೂಲೋಕೆ ಬರಲ್ಲ. ‘ಆ ಎಳೇಲಿ ಕುರಿ ಪಟ್ಟ ಕಷ್ಟ ಬರ್ದಿರ್ತೈತೆ’ ಅಂತಾರೆ ಅಪ್ಪಾಜಿ. ಮುಂದಿನ ಕಟಾವಿಗೆ ಸರಿ ಹೋಗಿರ್ತೈತೆ. ಅಕ್ಕಾ, ನಿಮ್ದೂ ಹಂಗೇ ಆಗ್ತೈತೆ.

ಪೆಟ್ರಿ ತಟ್ಟೆ | 10 ಅಕ್ಟೋಬರ್, ರಾತ್ರಿ 9:02

ನಿಮ್ಮ ಅಪ್ಪಾಜಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಎರಡು ಪುಟ ಬರೆದು ಹೇಳಿದ್ದನ್ನ ಅವರು ಒಂದು ಎಳೆ ಹಿಡಿದು ಹೇಳಿದ್ದಾರೆ. ಜ್ವರಕ್ಕೆ ತುತ್ತಾದ ಕುರಿಯ ಉಣ್ಣೆ ಬುಡದಲ್ಲೂ ಅದೇ ನಿಲುಗಡೆ.

ಧಾರವಾಡದಾಂವ | 11 ಅಕ್ಟೋಬರ್, ಬೆಳಿಗ್ಗೆ 9:47

ಅಕ್ಕಾರ, ನಿಮ್ಮದು ತಿರುಗಿ ಬರ್ತೈತಿ ಅಂತಾರ, ಖುಷಿ ಆತು. ನಂದು ಬ್ಯಾರೆ ಐತಿ. ನನಗ 28. ಇಪ್ಪತ್ಮೂರಕ್ಕ ಹಣಿ ಎರಡೂ ಬದಿ ಒಳಗ ಸರೀಲಿಕ್ಕೆ ಹತ್ತಿತು, ಈಗ ನಡುನೆತ್ತಿ ಕಾಣಸ್ತೈತಿ. ನಮ್ಮಪ್ಪಗ, ಸ್ವಾದರಮಾವಗ ಇಬ್ಬರಿಗೂ ಬಕ್ಕತಲಿ. ಹೋದ ವರ್ಷ ಪಿಆರ್‌ಪಿ, ಅಂದ್ರ ನಮ್ಮದೇ ರಕ್ತದ ಪ್ಲೇಟ್‌ಲೆಟ್ ಚುಚ್ಚೂ ಚಿಕಿತ್ಸೆ, ನಾಕು ಸಲ ಮಾಡಿಸ್ಕೊಂಡೆ. ತೋಳಿಂದ ರಕ್ತ ತಗೀತಾರ, ಮಷೀನ್‌ದಾಗ ಗರಗರ ತಿರುಗಸ್ತಾರ, ಮ್ಯಾಲೆ ಬಂದ ಹಳದಿ ನೀರನ್ನ ನೆತ್ತಿಗೆ ಸಾಲಾಗಿ ಚುಚ್ಚತಾರ. ಹಣೀ ಅಂಚಿನ್ಯಾಗ ಚುಚ್ಚುವಾಗ ಕಣ್ಣಾಗ ನೀರು ಬರ್ತಾವ. ಆರು ತಿಂಗಳು ಸ್ವಲ್ಪ ಛಲೋ ಅನಿಸ್ತು, ಈಗ ಮತ್ತ ಮೊದಲಿನಂಗ. ನಾ ಏನು ತಪ್ಪು ಮಾಡೀನಿ? ಇನ್ನೊಂದು, ನನ್ನ ಗಡ್ಡ ಮಾತ್ರ ದಟ್ಟ ಬೆಳೀತೈತಿ. ತಲಿಗಿ ಇಲ್ಲದ ಭಾಗ್ಯ ಗಡ್ಡಕ್ಕ ಯಾಕ?

ಪೆಟ್ರಿ ತಟ್ಟೆ | 11 ಅಕ್ಟೋಬರ್, ರಾತ್ರಿ 10:30

ನೀವು ತಪ್ಪೇನೂ ಮಾಡಿಲ್ಲ. ಗಡ್ಡದ ಪ್ರಶ್ನೆ ಇದೆಯಲ್ಲ, ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಅದು.

ಗಂಡಸರ ಬಕ್ಕತಲೆಗೂ ಹಾರ್ಮೋನಿಗೂ ನಂಟಿದೆ ಅಂತ 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ತೋರಿಸಿದರು. ಪ್ರಾಯಕ್ಕೆ ಬರೋ ಮೊದಲೇ ವೃಷಣ ಕಳೆದುಕೊಂಡವರಿಗೆ ಬಕ್ಕತಲೆ ಆಗ್ತಿರಲಿಲ್ಲ. ಅವರಿಗೆ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಕೊಟ್ಟಾಗ, ಮನೆತನದಲ್ಲಿ ಬಕ್ಕತಲೆ ಇದ್ದವರಿಗೆ ಕೂದಲು ಹೋಯ್ತು. ಆಮೇಲೆ ತಿಳಿದದ್ದು: ಟೆಸ್ಟೋಸ್ಟೆರಾನ್ ಅಲ್ಲೇ ಚರ್ಮದಲ್ಲಿ ಡಿಎಚ್‌ಟಿ ಆಗಿ ಬದಲಾಗುತ್ತೆ, ಅದು ಪ್ಯಾಪಿಲ್ಲಾದ ಕೋಶಕ್ಕೆ ಹೋಗಿ ಕೂರುತ್ತೆ. ಆದರೆ ಹಾರ್ಮೋನ್ ಬಂದು ಕೂತಾಗ ಯಾವ ಕೂಗು ಹಾಕಬೇಕು ಅನ್ನೋದು ಪ್ಯಾಪಿಲ್ಲಾದ ಇಷ್ಟ. ಗಡ್ಡದ ಪ್ಯಾಪಿಲ್ಲಾ ಐಜಿಎಫ್-1 ಬಿಡುಗಡೆ ಮಾಡುತ್ತೆ, ನಡುನೆತ್ತಿಯದ್ದು ಟಿಜಿಎಫ್-ಬೀಟಾ ಬಿಡುಗಡೆ ಮಾಡುತ್ತೆ. ಜಪಾನಿನ ಸಂಶೋಧಕರು ಎರಡನ್ನೂ ತಟ್ಟೆಯಲ್ಲಿ ಬೆಳೆಸಿ ತೋರಿಸಿದ್ದಾರೆ. ಒಂದೇ ಮೈ, ಒಂದೇ ರಕ್ತ, ಒಂದೇ ಹಾರ್ಮೋನ್, ಗಡ್ಡಕ್ಕೆ ‘ಬೆಳಿ’, ನೆತ್ತಿಗೆ ‘ಸಾಕು’. ಹಿಂದಲೆಯ ಕೂದಲಿಗೆ ಆ ಹಾರ್ಮೋನ್ ಹೆಚ್ಚು ತಟ್ಟಲ್ಲ, ಅದಕ್ಕೇ ಕಸಿಗೆ ಅಲ್ಲಿಂದ ತೆಗೀತಾರೆ, ಮುಂದೆ ನೆಟ್ಟರೂ ಅದು ತನ್ನ ಬುದ್ಧಿಯನ್ನೇ ಇಟ್ಟುಕೊಂಡಿರುತ್ತೆ.

ನಿಮ್ಮ ಪಿಆರ್‌ಪಿ ಯಾಕೆ ಉಳೀಲಿಲ್ಲ ಅನ್ನೋದೂ ಇದರಲ್ಲೇ ಇದೆ. ಪ್ಲೇಟ್‌ಲೆಟ್ ಒಡೆದಾಗ ಪಿಡಿಜಿಎಫ್, ವಿಇಜಿಎಫ್ ಬರುತ್ತೆ, ಜೊತೆಗೆ ಟಿಜಿಎಫ್-ಬೀಟಾ, ಇಜಿಎಫ್ ಕೂಡ ಬರುತ್ತೆ. ಎಲ್ಲಾ ಕೂಗೂ ಒಟ್ಟಿಗೆ. ಒಟ್ಟು ಪರಿಣಾಮ ಕೆಲವರಿಗೆ ಒಳ್ಳೇದಾಗುತ್ತೆ, ಅದು ನಿಜ. ಆದರೆ ಡಿಎಚ್‌ಟಿ ಮಾತ್ರ ದಿನಾ ಬಂದು ನಿಮ್ಮ ಪ್ಯಾಪಿಲ್ಲಾ ಪಕ್ಕ ಕೂರ್ತಾನೇ ಇದೆ. ಹೊರಗಿನಿಂದ ತಿಂಗಳಿಗೊಮ್ಮೆ ಕೂಗು ಹಾಕಿ, ಒಳಗಿನ ಕೂಗನ್ನ ಹಾಗೇ ಬಿಟ್ಟರೆ ಎಷ್ಟು ದಿನ ನಿಲ್ಲುತ್ತೆ?

ಬಸವನಗುಡಿ ಬೈತಲೆ | 12 ಅಕ್ಟೋಬರ್, ಮಧ್ಯಾಹ್ನ 12:15

ನನಗೆ ಸ್ವಲ್ಪ ಬೇಜಾರಾಯ್ತು ಇದನ್ನೆಲ್ಲ ಓದಿ. ನನಗೆ 41. ಬೈತಲೆ ಅಗಲ ಆಗ್ತಾ ಬಂದಿತ್ತು. ಎರಡು ವರ್ಷದಿಂದ ಮಿನಾಕ್ಸಿಡಿಲ್ ಅನ್ನೋ ಕೂದಲಿನ ಔಷಧ ಹಚ್ತಾ ಪಿಆರ್‌ಪಿ ಕೂಡ ಮಾಡಿಸ್ತಿದ್ದೀನಿ, ಒಂದೇ ಕಿಟಕಿ ಬೆಳಕಿನಲ್ಲಿ ಪ್ರತಿ ತಿಂಗಳು ಫೋಟೋ ತೆಗೆದಿಟ್ಟಿದ್ದೀನಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ನನ್ನ ಡಾಕ್ಟರ್ ಪ್ರಾಮಾಣಿಕರು, ಮೊದಲ ದಿನವೇ ‘ಎಲ್ಲರಿಗೂ ಆಗಲ್ಲ, ನಿಲ್ಲಿಸಿದರೆ ಹೋಗುತ್ತೆ’ ಅಂದಿದ್ದರು. ಕೂದಲು ತೆಳ್ಳಗಾದ ಹೆಂಗಸು ಮದುವೆ ಮನೆಯಲ್ಲಿ ಹೂ ಮುಡಿಯೋಕೆ ಎಷ್ಟು ಹಿಂಜರೀತಾಳೆ ಅಂತ ಬರೆಯೋರಿಗೆ ಗೊತ್ತಿರಲ್ಲ. ಎಲ್ಲಾ ಮೋಸ ಅಂತ ಹೇಳಿಬಿಟ್ಟರೆ ನನ್ನಂಥವರು ಇರೋ ಒಂದು ದಾರಿಯನ್ನೂ ಬಿಡ್ತಾರೆ.

ಪೆಟ್ರಿ ತಟ್ಟೆ | 12 ಅಕ್ಟೋಬರ್, ಮಧ್ಯಾಹ್ನ 2:40

ನೀವು ಹೇಳಿದ್ದು ಸರಿ ಮೇಡಂ, ನನ್ನ ಬರಹದ ದನಿ ಹಾಗೆ ಕೇಳಿಸಿದ್ದರೆ ಕ್ಷಮಿಸಿ. ಶುರುವಿನ ಹಂತದ ಕೂದಲು ತೆಳುವಾಗುವಿಕೆಯಲ್ಲಿ ಪಿಆರ್‌ಪಿಯಿಂದ ದಟ್ಟಣೆ ಹೆಚ್ಚಿದೆ ಅಂತ ಸಣ್ಣ ಸಣ್ಣ ಅಧ್ಯಯನಗಳು ಹಲವು ಇವೆ, ಏನೂ ಆಗಲಿಲ್ಲ ಅನ್ನೋವೂ ಇವೆ. ಒಬ್ಬೊಬ್ಬರು ಒಂದೊಂದು ವೇಗದಲ್ಲಿ ತಿರುಗಿಸ್ತಾರೆ, ಒಂದೊಂದು ಪ್ರಮಾಣ ಚುಚ್ತಾರೆ, ಅದಕ್ಕೇ ಹೋಲಿಸೋದೇ ಕಷ್ಟ. ನೀವು ಜೊತೆಗೆ ಮಿನಾಕ್ಸಿಡಿಲ್ ಕೂಡ ಹಚ್ತಾ ಇದ್ದೀರಿ, ಅದು ಪ್ಯಾಪಿಲ್ಲಾದಿಂದಲೇ ವಿಇಜಿಎಫ್ ಹೆಚ್ಚು ಬರೋ ಹಾಗೆ ಮಾಡುತ್ತೆ. 2001ರಲ್ಲಿ ಬಾಸ್ಟನ್‌ನಲ್ಲಿ ಇಲಿಗಳ ಕೂದಲ ಬುಡದಲ್ಲಿ ವಿಇಜಿಎಫ್ ಜಾಸ್ತಿ ಮಾಡಿದಾಗ ಸುತ್ತ ರಕ್ತನಾಳ ಹೆಚ್ಚಿ, ಕೂದಲು ಬೇಗ ಮತ್ತು ದಪ್ಪ ಬಂತು. ನಿಮಗೆ ಯಾವುದರಿಂದ ಎಷ್ಟು ಅಂತ ಬೇರ್ಪಡಿಸೋಕೆ ಆಗಲ್ಲ, ಆದರೆ ಫೋಟೋದಲ್ಲಿ ಕಾಣ್ತಿದೆ ಅಂದರೆ ಮುಂದುವರಿಸಿ. ನನ್ನ ಸಿಟ್ಟು ಏನಿದ್ದರೂ ತಲೆ ನೋಡದೆ ಪ್ಯಾಕೇಜ್ ಮಾರೋರ ಮೇಲೆ.

ಉಡುಪಿ ಚರ್ಮರೋಗ | 12 ಅಕ್ಟೋಬರ್, ರಾತ್ರಿ 9:55

ನಾನು ಚರ್ಮವೈದ್ಯೆ, ಹದಿನಾರು ವರ್ಷದಿಂದ ಪ್ರಾಕ್ಟೀಸ್. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದ್ದು ಸರಿ ಉಂಟು. ರೋಗಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಹಾಸನದವರೇ, ನಿಮ್ಮದು ಜ್ವರದ ನಂತರದ ಉದುರುವಿಕೆ ಅಂತಲೇ ಕಾಣುತ್ತದೆ, ಆದರೂ ಒಮ್ಮೆ ತಲೆ ಮುಟ್ಟಿ ನೋಡುವ ಡಾಕ್ಟರ ಹತ್ತಿರ ಹೋಗಿ. ನಾವು ಐವತ್ತು ಅರವತ್ತು ಕೂದಲಿನ ಎಸಳು ಹಿಡಿದು ಮೆಲ್ಲ ಎಳೆದು ನೋಡುತ್ತೇವೆ. ಡರ್ಮೋಸ್ಕೋಪ್ ಎಂಬ ಭೂತಗನ್ನಡಿಯಂಥ ಯಂತ್ರದಲ್ಲಿ ನೆತ್ತಿ ನೋಡುತ್ತೇವೆ: ಎಲ್ಲ ಕೂದಲೂ ಒಂದೇ ದಪ್ಪ ಇದ್ದರೆ ಜ್ವರದ್ದು, ದಪ್ಪ ಸಪೂರ ಬೆರೆತಿದ್ದರೆ ವಂಶದ್ದೂ ಸೇರಿರಬಹುದು. ಎಷ್ಟೋ ಸಲ ಜ್ವರ ಬಂದು ಹೋದ ನೆಪದಲ್ಲಿ ಮೊದಲೇ ಇದ್ದ ವಂಶದ ತೆಳುವು ಕಣ್ಣಿಗೆ ಬೀಳುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ಬಿ12 ಇಷ್ಟು ಮಾಡಿಸಿ. ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಟೆಸ್ಟಿಗೆ ಮೊದಲೇ ಡಾಕ್ಟರಿಗೆ ಹೇಳಿ, ಅದು ಥೈರಾಯ್ಡ್ ರಿಪೋರ್ಟನ್ನು ಸುಳ್ಳು ಮಾಡುತ್ತದೆ. ಆರು ತಿಂಗಳೊಳಗೆ ತಾನಾಗಿ ನಿಲ್ಲಬೇಕು, ನಿಲ್ಲದಿದ್ದರೆ ಮತ್ತೆ ಬನ್ನಿ. ಈ ಹಂತದಲ್ಲಿ ಪಿಆರ್‌ಪಿ, ಜಿಎಫ್‌ಸಿ (ರಕ್ತದಿಂದ ತೆಗೆದ ಗ್ರೋತ್ ಫ್ಯಾಕ್ಟರ್ ಸಾರ) ಯಾವುದೂ ಬೇಡ. ಹೇಗೂ ಬರುವ ಕೂದಲಿಗೆ ಆರು ಸಿಟ್ಟಿಂಗ್ ಮಾಡಿದರೆ ಹೆಸರು ಸಿಟ್ಟಿಂಗಿಗೆ ಹೋಗುತ್ತದೆ, ಅಷ್ಟೆ.

ಧಾರವಾಡದವರೇ, ನಿಮಗೆ ಬೇಕಾದದ್ದು ಒಳಗಿನ ಕಾರಣಕ್ಕೆ ಚಿಕಿತ್ಸೆ. ಮಿನಾಕ್ಸಿಡಿಲ್ 1970ರ ದಶಕದ ಬಿಪಿ ಮಾತ್ರೆ, ತಗೊಂಡವರಿಗೆ ಮೈಮೇಲೆಲ್ಲ ಕೂದಲು ಬಂದದ್ದು ನೋಡಿ 1988ರಲ್ಲಿ ತಲೆಗೆ ಹಚ್ಚುವ ದ್ರವವಾಗಿ ಅಮೆರಿಕದಲ್ಲಿ ಒಪ್ಪಿಗೆ ಆಯಿತು. ಫಿನಾಸ್ಟರೈಡ್ 1 ಮಿಲಿಗ್ರಾಂ 1997ರಲ್ಲಿ. ಇದು ಡಿಎಚ್‌ಟಿ ತಯಾರಾಗುವುದನ್ನೇ ತಗ್ಗಿಸುತ್ತದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ಮನಸ್ಸು ಕುಗ್ಗುವುದು ಉಂಟು, ಹಾಗಾಗಿ ಡಾಕ್ಟರ ಎದುರು ಕೂತು ಮಾತಾಡಿಯೇ ಶುರುಮಾಡಿ. ಮನೆಯಲ್ಲಿ ಬಸುರಿಯರಿದ್ದರೆ ಒಡೆದ ಮಾತ್ರೆ ಮುಟ್ಟಬಾರದು. ಡರ್ಮಾರೋಲರ್, ಅಂದರೆ ಸಣ್ಣ ಸೂಜಿಗಳ ಉರುಳೆ, ಅದರ ಬಗ್ಗೆ ಕೇಳುವವರು ಬಹಳ: 2013ರಲ್ಲಿ ಮುಂಬೈಯಲ್ಲಿ 100 ಗಂಡಸರ ಮೇಲೆ 12 ವಾರದ ಅಧ್ಯಯನ ಆಯಿತು, ವಾರಕ್ಕೊಮ್ಮೆ 1.5 ಮಿಲಿಮೀಟರ್ ರೋಲರ್ ಮತ್ತು ಮಿನಾಕ್ಸಿಡಿಲ್ ಎರಡೂ ಸೇರಿದ ಗುಂಪಿಗೆ ಬರೀ ಮಿನಾಕ್ಸಿಡಿಲ್ ಗುಂಪಿಗಿಂತ ಬಹಳ ಹೆಚ್ಚು ಕೂದಲು ಬಂತು. ಸೂಕ್ಷ್ಮ ಗಾಯವೇ ಗ್ರೋತ್ ಫ್ಯಾಕ್ಟರುಗಳನ್ನು ಕರೆಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಮನೆಯಲ್ಲಿ ಒಂದೇ ರೋಲರನ್ನು ಇಬ್ಬರು ಬಳಸಿ ಸೋಂಕು ಮಾಡಿಕೊಂಡು ಬಂದವರನ್ನೂ ನೋಡಿದ್ದೇನೆ, ಜಾಗ್ರತೆ.

ಕೋಲಾರ ಚಿನ್ನ | 13 ಅಕ್ಟೋಬರ್, ಬೆಳಿಗ್ಗೆ 8:10

ಡಾಕ್ಟ್ರೇ, ನನ್ನ ತಮ್ಮನಿಗೆ ಗಡ್ಡದಲ್ಲಿ ಒಂದು, ತಲೆ ಹಿಂದೆ ಒಂದು, ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾಗಿದೆ. ಹುಳ ತಿಂದಿದೆ, ಈರುಳ್ಳಿ ಉಜ್ಜು ಅಂತಿದ್ದಾರೆ. ಅದಕ್ಕೆ ಗ್ರೋತ್ ಫ್ಯಾಕ್ಟರ್ ಆಗುತ್ತಾ?

ಉಡುಪಿ ಚರ್ಮರೋಗ | 13 ಅಕ್ಟೋಬರ್, ಮಧ್ಯಾಹ್ನ 1:45

ಹುಳ ಇಲ್ಲ. ಅಲೊಪೀಸಿಯಾ ಏರಿಯಾಟಾ ಇರಬಹುದು, ಮೈಯ ರಕ್ಷಣಾ ಕೋಶಗಳೇ ಕೂದಲ ಬುಡದ ಮೇಲೆ ಬೀಳುತ್ತವೆ. ಅದಕ್ಕೆ ಮೊದಲು ಕೊಡುವುದು ಸ್ಟೀರಾಯ್ಡ್, ಆ ಜಾಗಕ್ಕೆ ಸಣ್ಣ ಸೂಜಿಯಲ್ಲಿ. ಹೆಚ್ಚು ಹರಡಿದರೆ ಬ್ಯಾರಿಸಿಟಿನಿಬ್‌ನಂಥ ಮಾತ್ರೆಗಳು 2022ರಿಂದ ಬಂದಿವೆ. ಈರುಳ್ಳಿ ಉಜ್ಜಿ ಚರ್ಮ ಸುಡಿಸಿಕೊಳ್ಳುವುದು ಬೇಡ. ಬೇಗ ತೋರಿಸಿ.

ಮೂರು ತಿಂಗಳ ಕೂಸು | 14 ಅಕ್ಟೋಬರ್, ಬೆಳಗಿನ ಜಾವ 3:20

ಕೂಸಿಗೆ ಹಾಲು ಕೊಡ್ತಾ ಇದನ್ನ ಓದ್ತಿದ್ದೀನಿ. ನನಗೂ ಈಗ ಕೂದಲು ಕೈತುಂಬ ಬರ್ತಿದೆ. ನಮ್ಮತ್ತೆ ‘ಕೂಸು ನಿನ್ನ ಮುಖ ಗುರುತು ಹಿಡಿದು ನಗೋಕೆ ಶುರು ಮಾಡ್ತಲ್ಲ, ಇನ್ನು ಕೂದಲು ಹೋಗುತ್ತೆ’ ಅಂದ್ರು. ಹಾಗೇ ಆಯ್ತು. ಇದಕ್ಕೂ ಅದೇ ಕಾರಣನಾ?

ಪೆಟ್ರಿ ತಟ್ಟೆ | 14 ಅಕ್ಟೋಬರ್, ಬೆಳಿಗ್ಗೆ 6:50

ನಿಮ್ಮತ್ತೆಯ ತಾರೀಖು ಸರಿಯಾಗಿದೆ, ಕೂಸಿನ ನಗು ಮಾತ್ರ ನಿರಪರಾಧಿ. ಬಸುರಿನಲ್ಲಿ ಈಸ್ಟ್ರೋಜನ್ ಜಾಸ್ತಿ ಇದ್ದು ಕೂದಲು ಬೆಳೆಯೋ ಹಂತದಲ್ಲೇ ಉಳಿದಿರ್ತವೆ, ಅದಕ್ಕೇ ಆಗ ಜಡೆ ದಪ್ಪ. ಹೆರಿಗೆ ಆದ ಕೂಡಲೇ ಅದು ಇಳಿಯುತ್ತೆ, ನಿಂತಿದ್ದ ಕೂದಲೆಲ್ಲ ಒಟ್ಟಿಗೇ ವಿಶ್ರಾಂತಿಗೆ ಹೋಗಿ ಮೂರು ತಿಂಗಳಿಗೆ ಉದುರುತ್ತೆ. ಕೂಸು ಮುಖ ನೋಡಿ ನಗೋದೂ ಆ ಹೊತ್ತಿಗೇ. ಊಟ ಚೆನ್ನಾಗಿ ಮಾಡಿ, ಹಾಲೂಡಿಸುವಾಗ ಡಾಕ್ಟರನ್ನ ಕೇಳದೆ ಮಿನಾಕ್ಸಿಡಿಲ್ ಹಚ್ಚಬೇಡಿ.

ಧಾರವಾಡದಾಂವ | 15 ಅಕ್ಟೋಬರ್, ರಾತ್ರಿ 9:15

ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡೀನ್ರಿ. ಒಂದು ಕಡೀ ಪ್ರಶ್ನೆ, ಲ್ಯಾಬ್ ಸರ್‌ಗೆ. ‘ಬೆಳಿ’ ಅನ್ನೂ ಪ್ಯಾಪಿಲ್ಲಾನ ತಟ್ಟಿಯೊಳಗ ಬೆಳಸ್ತೀರಲ್ಲ, ಅದನ್ನ ಲಕ್ಷಗಟ್ಟಲೆ ಮಾಡಿ ನಮ್ಮ ತಲಿಗಿ ಯಾಕ ಹಾಕಬಾರದು?

ಪೆಟ್ರಿ ತಟ್ಟೆ | 15 ಅಕ್ಟೋಬರ್, ರಾತ್ರಿ 11:40

ಈ ಕನಸು ಹಳೇದು, ನಾನೂ ಅದರ ಹಿಂದೇ ಇರೋನು. 1999ರಲ್ಲಿ ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಕಾಲಿನ್ ಜಹೋಡಾ ತಮ್ಮ ತಲೆಯ ಕೂದಲ ಬುಡದ ಕೋಶಗಳನ್ನ ತೆಗೆದು ಹೆಂಡತಿಯೂ ಸಹೋದ್ಯೋಗಿಯೂ ಆದ ಅಮಾಂಡಾ ರೆನಾಲ್ಡ್ಸ್ ಅವರ ಮುಂಗೈಗೆ ನಾಟಿಸಿದರು. ಅಲ್ಲಿ ಹೊಸ ಕೂದಲು ಹುಟ್ಟಿತು, ಆಕೆಯ ಮೈ ಅದನ್ನ ತಳ್ಳಿಹಾಕಲೂ ಇಲ್ಲ. ಅದನ್ನ ಓದಿದ ದಿನವೇ ನಾನು ಈ ಕೆಲಸಕ್ಕೆ ಬರಬೇಕು ಅಂದ್ಕೊಂಡೆ.

ತೊಡಕು ಎಲ್ಲಿದೆ ಅಂದರೆ, ಹಾಗೆ ತೆಗೆದ ಚೂರು ಕೆಲಸ ಮಾಡುತ್ತೆ, ಆದರೆ ಪ್ಯಾಪಿಲ್ಲಾ ಕೋಶಗಳನ್ನ ತಟ್ಟೆಯಲ್ಲಿ ಹೆಚ್ಚಿಸ್ತಾ ಹೋದ ಹಾಗೆ ಅವು ತಾವು ಯಾರು ಅನ್ನೋದನ್ನೇ ಮರೀತವೆ. ಚಪ್ಪಟೆಯಾಗಿ ಹರಡಿಕೊಂಡು ಸಾಧಾರಣ ಚರ್ಮದ ಕೋಶದ ಹಾಗೆ ಆಗ್ತವೆ, ಕೂಗು ನಿಲ್ಲಿಸ್ತವೆ. 2013ರಲ್ಲಿ ಜಹೋಡಾ ಮತ್ತು ಕೊಲಂಬಿಯಾದವರು ಸೇರಿ ಅವನ್ನ ತಲೆಕೆಳಗಾಗಿ ತೂಗೋ ದ್ರವದ ಹನಿಯಲ್ಲಿ ಉಂಡೆಯಾಗಿ ಬೆಳೆಸಿದಾಗ ನೆನಪು ಸ್ವಲ್ಪ ಮರಳಿತು. ಪೂರ್ತಿ ಅಲ್ಲ. ಇನ್ನೊಂದು ಎಚ್ಚರಿಕೆ: ಬೀಟಾ-ಕ್ಯಾಟೆನಿನ್ ಅನ್ನೋ ‘ಬೆಳಿ’ ಸಂಕೇತವನ್ನ ಇಲಿ ಚರ್ಮದಲ್ಲಿ ಸದಾ ಹಚ್ಚಿಟ್ಟಾಗ 1998ರಲ್ಲಿ ಹೊಸ ಕೂದಲ ಬುಡಗಳೇನೋ ಹುಟ್ಟಿದವು, ಜೊತೆಗೆ ಗೆಡ್ಡೆಗಳೂ ಎದ್ದವು. ತೂಬು ಎತ್ತೋದು ಕಲಿತರೆ ಸಾಲದು, ಕಟ್ಟೋದೂ ನಮ್ಮ ಕೈಲಿರಬೇಕು. ನನ್ನ ತಟ್ಟೆಗಳಲ್ಲಿ ಈಗ ಆ ಉಂಡೆಗಳೇ ಇವೆ, ದಿನಾ ಬೆಳಿಗ್ಗೆ ಮೊದಲು ಅವನ್ನೇ ನೋಡ್ತೀನಿ.

ಹಾಸನದ ಹೆರಳು | 18 ಜನವರಿ, ಸಂಜೆ 6:25

ಎಲ್ಲರೂ ಇದ್ದೀರಾ? ಪ್ಯಾಕೇಜ್ ಕಟ್ಟಲಿಲ್ಲ. ಬೇರೆ ಡಾಕ್ಟರ್ ತಲೆ ಮುಟ್ಟಿ, ಯಂತ್ರ ಇಟ್ಟು ನೋಡಿ ಜ್ವರದ್ದೇ ಅಂದ್ರು. ಫೆರಿಟಿನ್ 11 ಬಂತು, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಡಿಸೆಂಬರ್ ಹೊತ್ತಿಗೆ ಉದುರೋದು ತಗ್ಗಿತು. ಈಗ ಹಣೆಯಂಚಿನಲ್ಲಿ ಒಂದು ಇಂಚಿನ ಮರಿಗೂದಲು ಸಾಲಾಗಿ ಎದ್ದು ನಿಂತಿವೆ, ಎಣ್ಣೆ ಹಚ್ಚಿ ಒತ್ತಿದರೂ ಕೂರಲ್ಲ. ಕನ್ನಡಿ ಮುಂದೆ ನಿಂತು ಅತ್ತುಬಿಟ್ಟೆ. ಸಾಗರದ ಅಮ್ಮ, ಗರುಗದ ಎಣ್ಣೆ ನಿಮ್ಮ ಅಳತೆಯಲ್ಲೇ ಕಾಯಿಸಿದ್ದೀನಿ.

ನಮ್ಮ ಯಜಮಾನರನ್ನೂ ಕರ್ಕೊಂಡು ಹೋಗಿದ್ದೆ, ಅವರದ್ದು ವಂಶದ್ದು ಅಂತ ಖಚಿತ ಆಯ್ತು. ಡಿಸೆಂಬರ್ ಕೊನೆಯಿಂದ ಮಿನಾಕ್ಸಿಡಿಲ್ 5% ಹಚ್ತಿದ್ದಾರೆ. ಮೂರು ವಾರ ಆಯ್ತು, ಮೊದಲಿಗಿಂತ ಜಾಸ್ತಿ ಉದುರ್ತಿದೆ ಅಂತ ನಿಲ್ಲಿಸ್ತೀನಿ ಅಂತಿದ್ದಾರೆ. ನಿಲ್ಲಿಸಬೇಕಾ ಡಾಕ್ಟ್ರೇ? ನಮ್ಮ ಬೆಕ್ಕು ಅವರ ದಿಂಬಿನ ಮೇಲೇ ಮಲಗುತ್ತೆ, ಅದಕ್ಕೇನಾದರೂ ತೊಂದರೆನಾ?

ಉಡುಪಿ ಚರ್ಮರೋಗ | 18 ಜನವರಿ, ರಾತ್ರಿ 8:40

ಮರಿಗೂದಲು ನೋಡಿ ನನಗೂ ಸಂತೋಷ ಆಯಿತು. ಫೆರಿಟಿನ್ ಮತ್ತೆ ಮೂರು ತಿಂಗಳಿಗೆ ನೋಡಿಸಿ, ಮಾತ್ರೆ ನಡುವೆ ಬಿಡಬೇಡಿ. ಯಜಮಾನರು ನಿಲ್ಲಿಸುವುದು ಬೇಡ. ಕೂತಿದ್ದ ಹಳೆ ಕೂದಲನ್ನು ಹೊಸದು ತಳ್ಳುವಾಗ ಮೊದಲ ಎರಡು ತಿಂಗಳು ಹಾಗೆ ಆಗುತ್ತದೆ. ನಾಲ್ಕರಿಂದ ಆರು ತಿಂಗಳು ಹಚ್ಚಿದ ಮೇಲೆ ಫೋಟೋ ಹೋಲಿಸಿ ನಿರ್ಧರಿಸಿ.

ಬೆಕ್ಕಿನ ವಿಷಯ ಕೇಳಿದ್ದು ಬಹಳ ಒಳ್ಳೆಯದಾಯಿತು. ಮಿನಾಕ್ಸಿಡಿಲ್ ಬೆಕ್ಕಿಗೆ ವಿಷ. ತಲೆ ತಾಗಿದ ದಿಂಬು ನೆಕ್ಕಿದರೂ, ಮೈಗೆ ತಾಗಿಸಿಕೊಂಡು ನೆಕ್ಕಿಕೊಂಡರೂ ಹೃದಯಕ್ಕೆ ತೊಂದರೆ ಆಗಿ ಸತ್ತ ಬೆಕ್ಕುಗಳುಂಟು. ಇವತ್ತೇ ದಿಂಬಿನ ಚೀಲ ಒಗೆಯಿರಿ, ಹಚ್ಚಿದ ಕೈ ಸೋಪಿನಲ್ಲಿ ತೊಳೆಯಲಿ, ಬಾಟಲಿ ಬೀರುವಿನೊಳಗೆ ಇರಲಿ, ಬೆಕ್ಕು ಆ ಕೋಣೆಗೆ ಬರುವುದು ಬೇಡ. ಮಂಕಾದರೆ, ಉಸಿರಿಗೆ ಕಷ್ಟಪಟ್ಟರೆ ಕೂಡಲೇ ಪಶುವೈದ್ಯರಲ್ಲಿಗೆ ಓಡಿ.

ಹಾಸನದ ಹೆರಳು | 18 ಜನವರಿ, ರಾತ್ರಿ 8:58

ಅಯ್ಯೋ ದೇವರೇ, ಯಾರೂ ಹೇಳಿರಲಿಲ್ಲ. ದಿಂಬಿನ ಚೀಲ ನೆನೆಹಾಕಿದೆ, ಅವರ ಕೋಣೆ ಬಾಗಿಲು ಹಾಕಿದೆ. ಬೆಕ್ಕು ಚೆನ್ನಾಗೇ ಇದೆ, ಈಗಷ್ಟೇ ಊಟ ಮಾಡ್ತು. ಇನ್ನು ಮೇಲೆ ಹಾಲ್‌ನಲ್ಲೇ ಮಲಗಿಸ್ತೀನಿ.